ಓವರ್‌ಸಿಯರ್ ಸಾಹೇಬರ ಅಗಲ ಬಾಗಿಲು

ಮುಳಬಾಗಿಲಿನಲ್ಲಿ ನಾನು ಐದು ವರ್ಷ ಬಾಡಿಗೆಗಿದ್ದ ಮನೆಯ ಯಜಮಾನರು ತೀರಿಕೊಂಡರೆಂದು ಹೋದ ವಾರ ಕಾಗದ ಬಂತು. ಬರೆದವನು ವಕ್ಕಲೇರಿಯಲ್ಲಿರುವ ಅವರ ಬಾಮೈದ. ಎಲ್ಲ ಕ್ರಮವಾಗಿ ನಡೆಯಿತು, ಅಕ್ಕ ಧೈರ್ಯವಾಗಿದ್ದಾಳೆ ಎಂದೆಲ್ಲ ಬರೆದು ಕೊನೆಗೆ ಒಂದು ಸಾಲು ಸೇರಿಸಿದ್ದಾನೆ: ಸಮಾಧಿಯ ಮೇಲೆ ನೆಟ್ಟ ಕಲ್ಲು ಒಂದು ಕಡೆಗೆ ಅರ್ಧ ಇಂಚು ವಾಲಿದೆ, ಭಾವ ಇದ್ದಿದ್ದರೆ ಕೀಳಿಸುತ್ತಿದ್ದರು. ಆ ಸಾಲು ಓದಿದ ಮೇಲೆಯೇ ಅವರು ಹೋದದ್ದು ನನಗೆ ನಂಬಿಕೆಯಾದದ್ದು. ಅವರಿರುವಾಗ ಅವರ ಸುತ್ತಮುತ್ತ ಅರ್ಧ ಇಂಚು ವಾಲಿಕೊಂಡು ನಿಲ್ಲುವ ಧೈರ್ಯ ಯಾವ ಕಲ್ಲಿಗೂ ಇರಲಿಲ್ಲ.

ಊರಿನವರೆಲ್ಲ ಅವರನ್ನು ಓವರ್‌ಸಿಯರ್ ಸಾಹೇಬರೆಂದೇ ಕರೆಯುತ್ತಿದ್ದರು. ಹೆಸರು ಇಲ್ಲದೆ ಇರಲಿಲ್ಲ. ಅದನ್ನು ಬಳಸುತ್ತಿದ್ದದ್ದು ಪೋಸ್ಟ್‌ಮ್ಯಾನ್ ಒಬ್ಬನೇ. ಸರ್ಕಾರಿ ಕಟ್ಟಡಗಳ ಉಸ್ತುವಾರಿಯಲ್ಲಿ ಮೂವತ್ತು ವರ್ಷ ಸವೆಸಿ ನಿವೃತ್ತರಾದವರು. ನಿವೃತ್ತಿಯ ಸಂಗತಿಯನ್ನು ಸರ್ಕಾರ ಅವರಿಗೆ ತಿಳಿಸಿತ್ತು. ಅವರು ಅದನ್ನು ತಮ್ಮ ಟೇಪಿಗೆ ತಿಳಿಸಿರಲಿಲ್ಲ. ಬೇರೆಯವರ ಅಂಗಿಯ ಜೇಬಿನಲ್ಲಿ ಪೆನ್ನು ಇರುವ ಕಡೆ ಅವರಿಗೆ ಉಕ್ಕಿನ ಅಳತೆ ಟೇಪು. ಮದುವೆಗೆ ಹೋದರೆ ಗಂಡುಹೆಣ್ಣನ್ನು ನೋಡುವ ಮೊದಲು ಛತ್ರದ ಗೋಡೆ ನೋಡುವರು. ಒಂದು ಕಣ್ಣು ಮುಚ್ಚಿ, ಗದ್ದ ಎತ್ತಿ, ಮುಕ್ಕಾಲು ಇಂಚು ಔಟು ಎಂದು ತೀರ್ಪು ಕೊಟ್ಟ ಮೇಲೆಯೇ ಊಟಕ್ಕೆ ಕೂರುವುದು. ಶ್ರೀನಿವಾಸಪುರದಲ್ಲಿ ಕೆಲಸದಲ್ಲಿದ್ದಾಗ ಒಂದೇ ಕಾಂಪೌಂಡು ಗೋಡೆಯನ್ನು ಮೂರು ಸಲ ಕೆಡವಿಸಿದ್ದರಂತೆ. ಸಾಹೇಬರು ಒಂದು ಕಣ್ಣು ಮುಚ್ಚಿದರೆ ನಮಗೆ ಒಂದು ಗೋಡೆ ಖರ್ಚು ಎಂದು ಅಲ್ಲಿನ ಕಂಟ್ರಾಕ್ಟರುಗಳು ಗೋಳಾಡುತ್ತಿದ್ದರೆಂದು ಅವರೇ ನನಗೆ ಹೇಳಿದ್ದು, ಬಹುಮಾನ ಬಂದ ಹುಡುಗನ ಮುಖ ಮಾಡಿಕೊಂಡು.

ನಾನು ಮಾಲೂರಿನವನು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ಮುಳಬಾಗಿಲಿನ ಹೈಸ್ಕೂಲಿಗೆ ಮೇಷ್ಟ್ರಾಗಿ ಬಂದು, ಅವರ ಮನೆಯ ಹಿಂದಿನ ಕೋಣೆ ಖಾಲಿ ಇದೆಯೆಂದು ಕೇಳಿಕೊಂಡು ಹೋದೆ. ಯಾವ ಪೈಕಿ, ಏನು ಊಟ, ರಾತ್ರಿ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಬೇರೆ ಯಜಮಾನರು ಕೇಳುವ ಯಾವುದನ್ನೂ ಅವರು ಕೇಳಲಿಲ್ಲ. ನನ್ನ ಟ್ರಂಕನ್ನು ಅಳೆದರು. ಕೋಣೆಯನ್ನು ಅಳೆದರು. "ಹಿಡಿಯುತ್ತೆ, ಇರಿ" ಎಂದರು.

ಅವರ ಬಳಿ ಒಂದು ಕಾರಿತ್ತು. ಬೂದಿಬಣ್ಣದ ಹಳೆಯ ಕಾರು. ಆದರೆ ಇಡೀ ಬೀದಿಗೆ ಅದೊಂದೇ ಆದ್ದರಿಂದ ಅದರ ವಯಸ್ಸು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಕಾರಿಗಿಂತ ಘನವಾದದ್ದು ಅದರ ಶೆಡ್ಡು. ಮುಂದೆ ಎರಡನೆಯ ಕಾರೂ ಬರುವುದೆಂದು ಲೆಕ್ಕಹಾಕಿ ಎರಡು ಬಾಗಿಲು ಇಡಿಸಿದ್ದರು, ನಡುವೆ ಒಂದು ಕಲ್ಲುಕಂಬ. ನಮ್ಮ ಸೀಮೆಯಲ್ಲಿ ಮಾಳಿಗೆಗೆ ಕಲ್ಲುಚಪ್ಪಡಿ ಹಾಸುವುದು ರೂಢಿ. ಆ ಶೆಡ್ಡಿನ ಚಪ್ಪಡಿಗಳೆಲ್ಲ ಆ ಕಂಬವನ್ನು ನಂಬಿ ಮಲಗಿದ್ದವು. ಎರಡನೆಯ ಕಾರು ಬರಲಿಲ್ಲ. ಅದರ ಜಾಗಕ್ಕೆ ಬಚ್ಚಲ ಸೌದೆಯೂ ಕಲ್ಲಾಗಿ ಹೋದ ನಾಲ್ಕು ಸಿಮೆಂಟು ಚೀಲಗಳೂ ಬಂದವು.

ಕಾರು ಹೊರಗೆ ಬರುತ್ತಿದ್ದದ್ದು ಭಾನುವಾರ ಮಾತ್ರ. ಸಾಹೇಬರ ಹೆಂಡತಿಯನ್ನು ನಾನು ಅಮ್ಮ ಎನ್ನುತ್ತಿದ್ದೆ. ಅಮ್ಮನ ತವರು ಕೋಲಾರದಾಚೆಯ ವಕ್ಕಲೇರಿ. ಅಲ್ಲಿ ಅವರ ತಾಯಿ ಲಕ್ವ ಹೊಡೆದು ಮಲಗಿದ್ದರು. ಆ ಮುದುಕಿ ವಾರವೆಲ್ಲ ಯಾರೊಡನೆಯೂ ಮಾತಾಡದೆ ಭಾನುವಾರ ಮಗಳು ಬಂದರೆ ಮಾತ್ರ ನಾಲ್ಕು ಮಾತಾಡುವುದು. ಅಮ್ಮನಿಗೋ ಬಸ್ಸಿನ ಡೀಸೆಲ್ ವಾಸನೆ ಮೂಗಿಗೆ ಬಿದ್ದರೆ ಸಾಕು, ಕರುಳು ಬಾಯಿಗೆ ಬರುತ್ತಿತ್ತು. ಒಂದು ಸಲ ಹಠಮಾಡಿ ಬಸ್ಸು ಹತ್ತಿದವರನ್ನು ದೇವರಾಯಸಮುದ್ರದಲ್ಲೇ ಇಳಿಸಿ, ಯಾರದೋ ಜಗಲಿಯ ಮೇಲೆ ಮಲಗಿಸಬೇಕಾಯಿತಂತೆ. ಹೀಗಾಗಿ ತಾಯಿ ಮಗಳ ನಡುವೆ ಉಳಿದಿದ್ದ ದಾರಿ ಆ ಕಾರೊಂದೇ. ಡ್ರೈವರನ್ನು ಇಡೋಣವೆಂದು ಬಾಮೈದ ಒಮ್ಮೆ ಬಾಯಿ ಬಿಟ್ಟದ್ದಕ್ಕೆ ಸಾಹೇಬರು ಎರಡು ತಿಂಗಳು ಅವನ ಮನೆಯಲ್ಲಿ ನೀರು ಮುಟ್ಟಿರಲಿಲ್ಲ. ಅವರ ಸ್ಟೀರಿಂಗಿನ ಮೇಲೆ ಇನ್ನೊಬ್ಬರ ಕೈ ಎಂದರೆ ಅವರ ಹೆಗಲ ಮೇಲೆ ಇನ್ನೊಬ್ಬರ ತಲೆ ಇಟ್ಟ ಹಾಗೆ.

ನನಗೂ ಆ ಕಾರಿನಿಂದ ಉಪಕಾರವಿತ್ತು. ಭಾನುವಾರ ಹಿಂದಿನ ಸೀಟಿನಲ್ಲಿ ಕೂತು ವಕ್ಕಲೇರಿಯವರೆಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಮಾಲೂರಿಗೆ; ಸಂಜೆ ಅದೇ ಕಾರಿನಲ್ಲಿ ವಾಪಸ್ಸು. ಕಷ್ಟ ಒಂದೇ: ಮುಂದಿನ ಸೀಟಿನಲ್ಲಿ ಕೂತ ಅಮ್ಮನ ಬಾಯಿ ದಾರಿಯುದ್ದಕ್ಕೂ ಮುಚ್ಚುತ್ತಿರಲಿಲ್ಲ. ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡದ ಹೆಂಗಸು ಕಾರಿನಲ್ಲಿ ಕೂತೊಡನೆ ಆಕಾಶವಾಣಿಯಾಗುತ್ತಿದ್ದರು. ಆ ಎಮ್ಮೆ ನೋಡ್ರೀ, ರಸ್ತೆ ಮಧ್ಯ ಎಷ್ಟು ಗಂಭೀರವಾಗಿ ನಿಂತಿದೆ, ನಮ್ಮ ತವರಿನ ಎಮ್ಮೆ ಥರಾನೇ. ಅಯ್ಯೋ, ಆ ಲಾರಿಯವನು ಎದುರಿಗೆ ಬರೋ ರಭಸ ನೋಡಿ, ಹೆಂಡತಿ ಜತೆ ಜಗಳ ಆಡಿರ್ಬೇಕು. ಎಡಗಡೆ ಹೊಂಗೆ ಮರದ ಹತ್ರ ಗುಂಡಿ ಬಿದ್ದಿದೆಯಲ್ಲ, ಹೋದ ವಾರ ಇಷ್ಟು ದೊಡ್ಡದಿರಲಿಲ್ಲ ಅಲ್ವೇ? ಸಾಹೇಬರು ಹೂಂ ಎನ್ನದೆ, ಉಹೂಂ ಎನ್ನದೆ, ಗಂಭೀರವಾಗಿ ಕಾರು ಓಡಿಸುತ್ತಿದ್ದರು. ಇಂಥ ವಾಚಾಳಿಯನ್ನು ಕಟ್ಟಿಕೊಂಡು ಈ ಮನುಷ್ಯ ಹೇಗೆ ಬದುಕಿದರಪ್ಪ ಎಂದು ನಾನು ಹಿಂದೆ ಕೂತು ಮರುಗುತ್ತಿದ್ದೆ. ಯಾರಿಗೆ ಮರುಗಬೇಕೆಂದು ತಿಳಿಯಲು ನನಗೆ ಇನ್ನೂ ಸ್ವಲ್ಪ ಬುದ್ಧಿ ಬರಬೇಕಿತ್ತು.

ಹಾಗೆ ಹೋಗಿ ಬಂದ ಕಾರು ಶೆಡ್ಡಿನ ಬಾಗಿಲಿಗೆ ಬಂದಾಗ ಮಾತ್ರ ಎಡವಟ್ಟು. ಅಮ್ಮ ಇಳಿದು ಬಾಗಿಲು ತೆಗೆದು ಪಕ್ಕಕ್ಕೆ ನಿಲ್ಲುವರು, ಸಾಹೇಬರು ಒಳಗೆ ಬಿಡುವರು, ಕಾರಿನ ಪಕ್ಕೆ ಕಂಬಕ್ಕೆ ಉಜ್ಜಿ ಕರ್ ಎನ್ನುವುದು. ಒಂದು ವಾರವಾದರೆ ಆಗಲಿ, ಪ್ರತಿ ವಾರ. ಕೊನೆಗೆ ಸೌದೆ ಖಾಲಿ ಮಾಡಿಸಿ ಇನ್ನೊಂದು ಬಾಗಿಲಲ್ಲಿ ಬಿಟ್ಟು ನೋಡಿದರು. ಕಾರಿನ ಇನ್ನೊಂದು ಪಕ್ಕೆಗೂ ನ್ಯಾಯ ಸಿಕ್ಕಿತು.

ಒಂದು ಸೋಮವಾರ ಸಾಹೇಬರು ನನ್ನನ್ನು ಕರೆದು ತೀರ್ಮಾನ ತಿಳಿಸಿದರು. ದೋಷ ಬಾಗಿಲಿನದು. ಅಂದಿನ ಕಾಲದ ಅಳತೆ ಇಂದಿಗೆ ಸಾಲದು. ಕಂಬ ಕಿತ್ತು, ಎರಡು ಬಾಗಿಲನ್ನೂ ತೆಗೆದು, ಒಂದೇ ಅಗಲ ಬಾಗಿಲು ಇಡಬೇಕು. ಕಾರು ಅಂದಿನಿಂದ ಇಂದಿಗೆ ಬೆಳೆದಿಲ್ಲವಲ್ಲ ಎಂಬ ಪ್ರಶ್ನೆ ನನ್ನ ನಾಲಿಗೆಯವರೆಗೆ ಬಂದಿತ್ತು. ಬಾಡಿಗೆದಾರನ ನಾಲಿಗೆ, ಅಲ್ಲೇ ನಿಂತಿತು.

ಕೆಲಸಕ್ಕೆ ಬಂದವನು ತಾಯಲೂರಿನ ಮೇಸ್ತ್ರಿ. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಕೆಲಸ ಮಾತ್ರ ಪೂರ್ತಿ. ಚಿನ್ನದ ಗಣಿಯ ಕಡೆಯಿಂದ ಗುಜರಿಗೆ ಬಂದಿದ್ದ ಹಳೆಯ ರೈಲು ಕಂಬಿ ಎರಡನ್ನು ಅಡ್ಡ ಹಾಕಿದರೆ ಚಪ್ಪಡಿ ನಿಲ್ಲುತ್ತದೆ, ಕಂಬ ತೆಗೆಯಬಹುದು ಎಂದ. ಎಲ್ಲ ಒಪ್ಪಿಗೆಯಾದ ಮೇಲೆ, ಹಾರೆ ಎತ್ತುವ ಮುಂಚೆ, ಸಾಮೀ, ಮನೆಗೆ ಒಟ್ಟು ಎಷ್ಟು ಬಾಗಿಲು ಎಂದು ಕೇಳಿದ. ಬಾಗಿಲುಗಳ ಸಂಖ್ಯೆ ಸಮ ಇರಬೇಕು, ಸೊನ್ನೆಯಲ್ಲಿ ಕೊನೆಯಾಗಬಾರದು. ಅದು ಗೊತ್ತಾಗದೆ ಅವನು ಗೋಡೆ ಮುಟ್ಟುವವನಲ್ಲ. ಸಾಹೇಬರು ನಕ್ಕರು. ತಾವು ಸರ್ಕಾರಕ್ಕೆ ಕಟ್ಟಿದ ಯಾವ ಕಟ್ಟಡದ ಬಾಗಿಲನ್ನೂ ಎಣಿಸಿದವರಲ್ಲವೆಂದರು. ಇವೆಲ್ಲ ಮೂಢನಂಬಿಕೆ ಎಂದು ಕಾಲುಗಂಟೆ ಭಾಷಣ ಮಾಡಿದರು. ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜಲು ಎದ್ದಾಗ ಪ್ರತಿಯೊಂದು ಬಾಗಿಲ ಚೌಕಟ್ಟಿನ ಮೇಲೂ ಸೀಮೆಸುಣ್ಣದಲ್ಲಿ ಒಂದೊಂದು ಅಂಕಿ ಇತ್ತು. ನನ್ನ ಕೋಣೆಯ ಬಾಗಿಲು ಒಂಬತ್ತನೆಯದು.

ಒಟ್ಟು ಹನ್ನೆರಡು. ಎರಡು ಹೋಗಿ ಒಂದು ಬಂದರೆ ಹನ್ನೊಂದು, ಬೆಸ. ಹೊಸದಾಗಿ ಬರುವುದು ಅಂಗಡಿಗಳಿಗಿರುವಂಥ ಸುರುಳಿ ಷಟರು. ಅದಕ್ಕೆ ಹೊಸ್ತಿಲಿಲ್ಲ, ಅದು ಬಾಗಿಲೇ ಅಲ್ಲ ಎಂದುಕೊಂಡರೆ ಹತ್ತು, ಸೊನ್ನೆ. ಎತ್ತ ತಿರುಗಿದರೂ ಗೋಡೆ. ಮೂರು ದಿನ ಕೆಲಸ ನಿಂತಿತು. ಬಚ್ಚಲ ಬಾಗಿಲು ಲೆಕ್ಕಕ್ಕೆ ಬರುತ್ತದೆಯೇ, ಬೀರುವಿನ ಬಾಗಿಲು ಬರುತ್ತದೆಯೇ ಎಂದು ಜಗಲಿಯ ಮೇಲೆ ವಿಚಾರ ಸಂಕಿರಣವೇ ನಡೆಯಿತು. ಕೊನೆಗೆ ಅಮ್ಮ ಅಡುಗೆಮನೆಯಿಂದಲೇ ಹೇಳಿದರು: ಷಟರಿಗೆ ಅರಿಶಿನ ಕುಂಕುಮ ಇಟ್ಟರೆ ಅದೂ ಬಾಗಿಲೇ, ಇನ್ನೊಂದನ್ನು ಎಲ್ಲಾದರೂ ಇಡಿ, ಹನ್ನೆರಡಾಗುತ್ತೆ. ಎಲ್ಲಾದರೂ ಎಂದರೆ ಎಲ್ಲಿ? ಬಾಡಿಗೆದಾರನ ಕೋಣೆಯಲ್ಲಿ. ನನ್ನ ಹಿಂಗೋಡೆ ಒಡೆದು ಶೆಡ್ಡಿನ ಹಳೆಯ ಬಾಗಿಲಿನದೇ ಹಲಗೆ ಕೂಡಿಸಿ ಒಂದು ಬಾಗಿಲು ಇಟ್ಟರು. ಅದನ್ನು ತೆಗೆದರೆ ಎರಡಡಿ ದೂರದಲ್ಲಿ ಪಕ್ಕದ ಮನೆಯವರ ಗೋಡೆ. ಹೋಗಲು ಜಾಗವಿಲ್ಲ, ಬರಲು ಯಾರಿಲ್ಲ. "ಗಾಳಿ ಬರುತ್ತೆ ಮೇಷ್ಟ್ರೇ" ಎಂದು ಸಾಹೇಬರು ನನ್ನ ಭುಜ ತಟ್ಟಿದರು. ಹೆಗ್ಗಣವೂ ಬರುತ್ತಿತ್ತು; ಅದನ್ನು ಅವರು ಹೇಳಲಿಲ್ಲ.

ಷಟರಿನ ಅಳತೆಯನ್ನು ಸಾಹೇಬರೇ ತೆಗೆದುಕೊಂಡರು. ಮೇಸ್ತ್ರಿ ಟೇಪಿನ ತುದಿ ಹಿಡಿಯಲು ಬಂದರೆ ಅವನನ್ನು ದೂರ ನಿಲ್ಲಿಸಿ, ಟೇಪು ಸುಳ್ಳು ಹೇಳುವುದಿಲ್ಲ, ಹಿಡಿದವನು ಹೇಳುತ್ತಾನೆ ಎಂದು ಪಾಠ ಹೇಳಿದರು. ಚೀಟಿ ಬರೆದು ಕೋಲಾರಕ್ಕೆ ಕಳಿಸಿದರು. ಹದಿನೈದು ದಿನಕ್ಕೆ ಷಟರು ಲಾರಿಯಲ್ಲಿ ಬಂತು. ಅಷ್ಟರಲ್ಲಿ ಕಂಬ ಕಿತ್ತು ಅಂಗಳದಲ್ಲಿ ಮಲಗಿಸಿಯಾಗಿತ್ತು, ರೈಲು ಕಂಬಿಯ ಮೇಲೆ ಚಪ್ಪಡಿ ನಿಂತಾಗಿತ್ತು. ಷಟರನ್ನು ಎತ್ತಿ ಹಿಡಿದು ನೋಡಿದರೆ ಬಾಗಿಲಿಗಿಂತ ಅಗಲದಲ್ಲಿ ಒಂದು ಅಡಿ ಕಡಿಮೆ.

ಅರ್ಧ ಇಂಚಿಗೆ ಗೋಡೆ ಕೆಡವಿಸಿದವರು ಹನ್ನೆರಡು ಇಂಚಿನ ಮುಂದೆ ನಿಂತಿದ್ದರು. ಆಗ ಅಮ್ಮ ಸೆರಗು ಸರಿಮಾಡಿಕೊಂಡು, "ಬಿಸಿಲಿಗೆ ಗೋಡೆ ಹಿಗ್ಗಿರ್ಬೇಕು ಕಣ್ರೀ" ಎಂದರು. ಸಾಹೇಬರು ಗೋಡೆಯನ್ನು ಅಂಗೈಯಲ್ಲಿ ಮುಟ್ಟಿ ನೋಡಿ, ಇರಬಹುದು ಎಂದು ತಲೆದೂಗಿದರು. ಗೋಡೆ ಹಿಗ್ಗಿದ ತಪ್ಪಿಗೆ ಮೇಸ್ತ್ರಿ ಅತ್ತ ಅರ್ಧ ಅಡಿ, ಇತ್ತ ಅರ್ಧ ಅಡಿ ಇಟ್ಟಿಗೆ ಕಟ್ಟಿ ಕೊಟ್ಟ.

ಅವತ್ತು ಮಧ್ಯಾಹ್ನ ಮೇಸ್ತ್ರಿ ಆ ಮಲಗಿದ ಕಂಬದ ಮೇಲೆ ಕೂತು ಮುದ್ದೆ ಉಣ್ಣುತ್ತಿದ್ದ. ನನ್ನನ್ನು ಕರೆದು ಕಂಬದ ಮೇಲಿನ ಗೀರುಗಳನ್ನು ತೋರಿಸಿದ. ಬೂದಿಬಣ್ಣದ ಹದಿನೈದಿಪ್ಪತ್ತು ಗೀರು, ಎಲ್ಲ ಒಂದೇ ಎತ್ತರದಲ್ಲಿ.

"ವಾಕಿಲಿ ಚಿನ್ನದಿ ಕಾದು ಮೇಷ್ಟ್ರೇ" ಎಂದ. "ಬಾಗಿಲು ಚಿಕ್ಕದಲ್ಲ. ಸಾಹೇಬ್ರಿಗೆ ಈ ಕಂಬ ಕಾಣ್ತಾ ಇರ್ಲಿಲ್ಲ. ಟೇಪಿನ ಮೇಲಿನ ಅಂಕಿನೂ ಕಾಣಲ್ಲ. ಕಣ್ಣಿಗೆ ಪೊರೆ ಬಂದಿದೆ. ಮನೇಲಿ ಆಯಮ್ಮಂಗೆ ಗೊತ್ತು, ನೋಡ್ಕೊಳ್ಳಿ."

ನಾನು ಕಾಲೇಜು ಓದಿದವನು, ಎರಡು ವರ್ಷ ಅದೇ ಮನೆಯಲ್ಲಿದ್ದವನು. ಇಪ್ಪತ್ತು ದಿನಕ್ಕೆ ಬಂದವನು ಮುದ್ದೆ ನುಂಗುತ್ತ ನನಗೆ ಪಾಠ ಮಾಡಿದ. ಮುಂದಿನ ಭಾನುವಾರ ಕಾರಿನಲ್ಲಿ ಕೂತು ಮೊದಲ ಸಲ ಅಮ್ಮನ ಮಾತನ್ನು ಕಿವಿಗೊಟ್ಟು ಕೇಳಿದೆ. ಎಮ್ಮೆಯನ್ನು ಹೊಗಳಿದ ಕೂಡಲೆ ಸಾಹೇಬರ ಕಾಲು ಬ್ರೇಕಿನ ಮೇಲೆ ಹೋಯಿತು. ಲಾರಿಯವನ ಸಂಸಾರದ ಮಾತು ಬಂದ ಕೂಡಲೆ ಕಾರು ಎಡಕ್ಕೆ ಸರಿಯಿತು. ಆ ಹೆಂಗಸು ಮುಳಬಾಗಿಲಿನಿಂದ ವಕ್ಕಲೇರಿಯವರೆಗಿನ ರಸ್ತೆಯನ್ನು ಒಂದೊಂದೇ ಗುಂಡಿಯಾಗಿ ಗಂಡನ ಕಿವಿಗೆ ಹಾಕುತ್ತಿದ್ದರು, ಅದೂ ಹಾಕುತ್ತಿದ್ದೇನೆಂದು ಅವರಿಗೆ ಅನ್ನಿಸದ ಹಾಗೆ. ಕಾರು ಕಂಬಕ್ಕೆ ಉಜ್ಜುತ್ತಿದ್ದದ್ದು ಏಕೆಂದೂ ಆಗ ಹೊಳೆಯಿತು. ಬಾಗಿಲು ತೆಗೆಯಲು ಅಮ್ಮ ಇಳಿದುಬಿಡುತ್ತಿದ್ದರಲ್ಲ, ಕಾರಿನ ಕಣ್ಣು ಅಲ್ಲಿಗೆ ಇಳಿದುಹೋಗುತ್ತಿತ್ತು.

ಪೊರೆ ತೆಗೆಸಿಕೊಳ್ಳಿ ಎನ್ನಬಹುದಿತ್ತು. ಆ ಕಾಲದಲ್ಲಿ ಆಪರೇಷನ್ ಎಂದರೆ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ದಿನಗಟ್ಟಲೆ ಅಲುಗಾಡದೆ ಮಲಗುವುದು, ಎದ್ದ ಮೇಲೆ ಸೋಡಾಬಾಟಲಿಯ ತಳದಂಥ ಕನ್ನಡಕ. ಅದಕ್ಕೂ ಮೊದಲು ತನಗೆ ಕಾಣುವುದಿಲ್ಲವೆಂದು ಒಪ್ಪಬೇಕು. ಮೊದಲೆರಡನ್ನು ಅವರು ಸಹಿಸಿಯಾರು, ಮೂರನೆಯದನ್ನು ಹೇಳುವವರು ಯಾರು? ನಾನಂತೂ ಹೇಳಲಿಲ್ಲ. ಒಂಬತ್ತನೆಯ ಬಾಗಿಲಿನವನು.

ಅಗಲ ಬಾಗಿಲು ಯಶಸ್ವಿಯಾಯಿತು. ಹದಿನಾರೂವರೆ ಅಡಿಯ ಬಾಗಿಲಲ್ಲಿ ಐದೂವರೆ ಅಡಿಯ ಕಾರನ್ನು ಎಲ್ಲೂ ತಗುಲಿಸದೆ ಒಳಗೆ ಬಿಟ್ಟು ಸಾಹೇಬರು ಇಳಿದರು. "ನೋಡಿದ್ರಾ ಮೇಷ್ಟ್ರೇ, ನಾನು ಹೇಳ್ಲಿಲ್ವೇ, ದೋಷ ಬಾಗಿಲಿನದು." ಆ ಷಟರು ಎತ್ತಲು ಇಬ್ಬರು ಬೇಕಿತ್ತು. ಅದು ಏಳುವ ಸದ್ದಿಗೆ ಬೀದಿಯ ನಾಯಿಗಳೆಲ್ಲ ಊರು ಬಿಡುತ್ತಿದ್ದವು. ಭಾನುವಾರ ಬೆಳಿಗ್ಗೆ "ಮೇಷ್ಟ್ರೇ, ಷಟರು" ಎಂಬ ಕೂಗು ನನಗೆ ಸುಪ್ರಭಾತವಾಯಿತು.

ಆ ಸುಖ ಮೂರು ತಿಂಗಳಿತ್ತು. ರಾಗಿ ಕೊಯ್ಲಿನ ಕಾಲ, ಕ್ರಿಸ್ಮಸ್ ರಜ. ಬೆಳಿಗ್ಗೆಯ ಮೊದಲ ಬಸ್ಸಿಗೆ ವಕ್ಕಲೇರಿಯಿಂದ ಬಾಮೈದನ ಆಳು ಬಂದ. ಮುದುಕಿಗೆ ಉಸಿರು ಎಳೆಯುತ್ತಿದೆ, ಮಗಳ ಹೆಸರು ಹಿಡಿದು ಕರೆಯುತ್ತಿದ್ದಾರೆ, ಮಧ್ಯಾಹ್ನದವರೆಗೆ ಇರುವುದು ಅನುಮಾನ. ನಾವು ಷಟರು ಎತ್ತಿದೆವು. ಆಳನ್ನು ಮನೆ ಕಾಯಲು ಬಿಟ್ಟು, ಅಮ್ಮ ಹೇಳಿದ್ದಕ್ಕೆ ನಾನೂ ಹಿಂದೆ ಕೂತೆ. ಕಾರು ಹೊರಟಿತು.

ಅಮ್ಮ ಮಾತಾಡಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಮೊದಲ ಮೈಲಿಯಲ್ಲೇ ಒಂದು ಸೈಕಲ್ಲಿನವನು ಚರಂಡಿಗಿಳಿದು ನಮ್ಮ ಮನೆತನವನ್ನೆಲ್ಲ ನೆನೆದ. ಅಮ್ಮನ ಕೆಲಸ ನಾನು ಮಾಡೋಣವೆಂದು, ಅಗೋ ಮುಂದೆ ಎತ್ತಿನ ಗಾಡಿ ಎಷ್ಟು ಚೆನ್ನಾಗಿದೆ ಎಂದೆ.

"ನಂಗೇನು ಕುರುಡೇ?" ಎಂದರು ಸಾಹೇಬರು.

ಗಾಡಿಯನ್ನು ಕೂದಲೆಳೆಯಲ್ಲಿ ದಾಟಿದೆವು. ದೇವರಾಯಸಮುದ್ರದ ಕೆರೆ ಕಳೆದ ಮೇಲೆ, ಹೋಗಿಬರುವ ವಾಹನ ತುಳಿದು ಕಾಳು ಉದುರಲಿ ಎಂದು ರೈತರು ರಸ್ತೆಗೆ ರಾಗಿ ತೆನೆ ಹರವಿದ್ದರು. ಅದರ ನಡುವೆ ಒಬ್ಬಳು ಬಗ್ಗಿಕೊಂಡು ತೆನೆ ತಿರುವುತ್ತಿದ್ದಳು. ನಾನು ಕೂಗಿದೆನೋ ಅವಳು ಕೂಗಿದಳೋ ಗೊತ್ತಿಲ್ಲ. ಕಾರು ತೆನೆಯ ಮೇಲೆ ಜಾರಿ, ಅವಳಿಂದ ಒಂದು ಮಾರು ದೂರದಲ್ಲಿ ಅಡ್ಡಡ್ಡ ನಿಂತಿತು.

ಸಾಹೇಬರು ಎಂಜಿನ್ ಆರಿಸಿದರು. ಎರಡು ಕೈಯೂ ಸ್ಟೀರಿಂಗಿನ ಮೇಲೆಯೇ ಇದ್ದವು. ಅವರು ಹೆಂಡತಿಯ ಕಡೆ ತಿರುಗಲಿಲ್ಲ, ಎದುರಿನ ಗಾಜನ್ನೇ ನೋಡುತ್ತಿದ್ದರು.

"ಲೇ, ನೀನು ಮಾತಾಡದಿದ್ರೆ ನಂಗೆ ರಸ್ತೆ ಕಾಣಲ್ಲ ಕಣೇ."

ಅಮ್ಮ ಕಣ್ಣು ತೆರೆದರು. ಅವರ ಕಡೆ ತಿರುಗಿದರು.

"ನಾನು ಅದಕ್ಕೇ ಮಾತಾಡ್ತಿದ್ದೆ ಅಂತ ಗೊತ್ತಿತ್ತಾ ನಿಮಗೆ?"

"ನೀನು ಎಮ್ಮೆ ಹೊಗಳೋಕೆ ಶುರು ಮಾಡಿದ್ಯಲ್ಲ, ಅವತ್ತೇ ಗೊತ್ತಾಯ್ತು."

ಎರಡು ವರ್ಷ. ಅವರು ತಮಗೆ ಕಾಣುವುದಿಲ್ಲವೆಂಬುದನ್ನು ಆಕೆಯಿಂದ ಮುಚ್ಚಿಟ್ಟಿದ್ದರು. ಆಕೆ ತನಗೆ ಗೊತ್ತೆಂಬುದನ್ನು ಅವರಿಂದ ಮುಚ್ಚಿಟ್ಟಿದ್ದರು. ಇಬ್ಬರೂ ಸೇರಿ ಒಂದು ಕಲ್ಲುಕಂಬ ಕಿತ್ತು, ನನ್ನ ಗೋಡೆ ಒಡೆದು, ಹದಿನಾರೂವರೆ ಅಡಿ ಷಟರು ತರಿಸಿದ್ದರು. ಇದನ್ನೆಲ್ಲ ನೆನೆದು ನಗಲು ಅದು ಹೊತ್ತಾಗಿರಲಿಲ್ಲ.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕೂತರು. ಎಮ್ಮೆ, ತವರು, ಲಾರಿಯವನ ಸಂಸಾರ ಯಾವುದೂ ಇಲ್ಲದ ಬರಿಯ ಮಾತು ಅವರ ಬಾಯಿಂದ ಮೊದಲ ಸಲ ಬಂತು. "ಹಿಂದಕ್ಕೆ ತಗೊಳ್ಳಿ. ಸಾಕು. ಈಗ ಬಲಕ್ಕೆ ತಿರುಗಿಸಿ. ಆಯಮ್ಮ ದಾಟ್ಲಿ, ತಡೀರಿ. ಹೂಂ, ನೇರ ಬಿಡಿ." ಸಾಹೇಬರು ಹೇಳಿದ ಹಾಗೆ ಮಾಡಿದರು. ಕೋಲಾರ ಹಾಗೆಯೇ ದಾಟಿದೆವು, ಗಡಿಯಾರ ಗೋಪುರ, ಜಟಕಾ, ಮಾರ್ಕೆಟ್ಟಿನ ಜನ, ಎಲ್ಲವನ್ನೂ ಅಮ್ಮ ಎಡ ಬಲ ಎಂದು ವಿಂಗಡಿಸಿ ಕೊಟ್ಟರು. ಮೂವತ್ತು ವರ್ಷ ಇನ್ನೊಬ್ಬರ ಗೋಡೆಗೆ ತೀರ್ಪು ಕೊಟ್ಟ ಮನುಷ್ಯ ಹೂಂ, ಹೂಂ ಎಂದು ಕೇಳಿಕೊಂಡು ಬಂದರು.

ಮುದುಕಿ ಇನ್ನೂ ಇದ್ದರು. ಅಮ್ಮ ಒಳಗೆ ಹೋಗಿ ಹಾಸಿಗೆಯ ಪಕ್ಕ ಕೂತಾಗ ಕಣ್ಣು ಬಿಟ್ಟು ಗುರುತು ಹಿಡಿದರು, ಕೈ ಹಿಡಿದುಕೊಂಡರು. ಮಧ್ಯಾಹ್ನ ದಾಟಿದ ಮೇಲೆ ಆ ಕೈ ಸಡಿಲಾಯಿತು.

ಅದಕ್ಕೆ ಮೊದಲು, ಹೆಂಗಸರೆಲ್ಲ ಒಳಗಿದ್ದಾಗ, ಬಾಮೈದ ಹೊರಗೆ ಬಂದು ಸಾಹೇಬರ ಎರಡೂ ಕೈ ಹಿಡಿದುಕೊಂಡ. ಅಂಥಾ ರಸ್ತೇಲಿ ಹೊತ್ತಿಗೆ ಸರಿಯಾಗಿ ಅಕ್ಕನ್ನ ಕರ್ಕೊಂಡು ಬಂದ್ರಲ್ಲ ಭಾವ, ನಿಮ್ಮ ಉಪಕಾರ ಮರೆಯಲ್ಲ ಎಂದ. ಸಾಹೇಬರು ಕೈ ಬಿಡಿಸಿಕೊಂಡರು. ಜೇಬಿನಿಂದ ಕಾರಿನ ಕೀ ತೆಗೆದು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಕರ್ಕೊಂಡು ಬಂದೋಳು ಅವಳು ಕಣಯ್ಯ. ವಾಪಸ್ಸು ಹೋಗೋಕೆ ಒಬ್ಬ ಡ್ರೈವರನ್ನ ನೋಡು."